ಕ್ಲಿನಿಕ್‌ಗೆ ಟೇಬಲ್‌ಟಾಪ್ ಆಟೋಕ್ಲೇವ್: ಕ್ಲಾಸ್ ಬಿ ಬೇಕೇ ಬೇಕಾ? ಬೋರ್‌ವೆಲ್ ನೀರು, ಕರೆಂಟು ಬಗ್ಗೆಯೂ ಹೇಳಿ

ಜನರಲ್ ಪ್ರಾಕ್ಟೀಸ್, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಕ್ಲಿನಿಕ್. ಹೊಲಿಗೆ ಹಾಕುವುದು, ಕುರು ಕೊಯ್ಯುವುದು, ಡ್ರೆಸ್ಸಿಂಗ್, ಕಾಪರ್-ಟಿ, ಇಷ್ಟು ಕೆಲಸ. ಮುಂದಿನ ತಿಂಗಳಿಂದ ವಾರಕ್ಕೆ ಎರಡು ದಿನ ಹಲ್ಲಿನ ಡಾಕ್ಟರ್ ಒಬ್ಬರು ಇಲ್ಲೇ ಕೂರುತ್ತಾರೆ. ಉಪಕರಣವನ್ನು ಹಬೆಯಲ್ಲಿ ಸ್ಟೆರಿಲೈಸ್ ಮಾಡಲು, ಅಂದರೆ ಕ್ರಿಮಿ ಪೂರ್ತಿ ಕೊಲ್ಲಲು, ಈಗ ಇರುವುದು ಕುಕ್ಕರ್ ಮಾದರಿಯ ಆಟೋಕ್ಲೇವ್. ಟೇಬಲ್‌ಟಾಪ್ ತಗೊಳ್ಳೋಣ ಅಂತ ಕೊಟೇಶನ್ ತರಿಸಿದ್ದೇನೆ.

ಒಂದು ಕ್ಲಾಸ್ ಎನ್, ಅರ್ಧ ಲಕ್ಷದ ಹತ್ತಿರ. ಇನ್ನೊಂದು ಕ್ಲಾಸ್ ಬಿ, ಒಂದು ಲಕ್ಷ ಚಿಲ್ಲರೆ. ಮೂರನೆಯದು ಯುರೋಪಿನದು, ಅದೂ ಕ್ಲಾಸ್ ಬಿ, ನಾಲ್ಕು ಲಕ್ಷ ದಾಟುತ್ತದೆ. ಮೂರೂ 18 ಲೀಟರ್ ಆಸುಪಾಸು. ಮೂವರೂ 134 ಡಿಗ್ರಿ ಬರುತ್ತೆ ಅಂತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಮ್ಮಲ್ಲಿ ಬೋರ್‌ವೆಲ್ ನೀರು, ಬಹಳ ಗಡಸು. ಕರೆಂಟು ಹೋಗಿ ಬಂದು ಮಾಡುತ್ತದೆ. ಬಳಸುತ್ತಿರುವವರು ದಯವಿಟ್ಟು ಹೇಳಿ.

ದಂತವೈದ್ಯೆ, ಶಿವಮೊಗ್ಗ

ಹಲ್ಲಿನ ಡಾಕ್ಟರ್ ಬರುತ್ತಾರೆ ಅಂದ ಮೇಲೆ ಕ್ಲಾಸ್ ಎನ್ ಪಟ್ಟಿಯಿಂದ ತೆಗೆದುಬಿಡಿ. ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸ್ ಒಳಗೆ ಗಾಳಿಗೂ ನೀರಿಗೂ ಸಣ್ಣ ಸಣ್ಣ ಕೊಳವೆಗಳಿವೆ. ನಿಲ್ಲಿಸಿದ ಕ್ಷಣ ರೋಗಿಯ ಬಾಯಿಯ ಎಂಜಲು, ರಕ್ತ ಒಳಕ್ಕೆ ಎಳೆದುಕೊಳ್ಳಬಹುದು. ಹೊರಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಒಳಗಿನದು ಹೋಗುವುದಿಲ್ಲ. ಕೊಳವೆಯೊಳಗಿನ ಗಾಳಿಯನ್ನು ಪಂಪ್ ಹಾಕಿ ಎಳೆದರೆ ಮಾತ್ರ ಹಬೆ ಅಲ್ಲಿಗೆ ಹೋಗುತ್ತದೆ. ಆ ಪಂಪ್ ಇರುವುದು ಕ್ಲಾಸ್ ಬಿಯಲ್ಲಿ, ಎನ್‌ನಲ್ಲಿ ಅಲ್ಲ.

ಇನ್ನೊಂದು ಮಾತು. ಲೀಟರ್ ಲೆಕ್ಕಕ್ಕಿಂತ ಹ್ಯಾಂಡ್‌ಪೀಸ್ ಲೆಕ್ಕ ಮುಖ್ಯ. ತೊಳೆದು, ಎಣ್ಣೆ ಬಿಟ್ಟು, ಪೌಚ್‌ಗೆ (ಕಾಗದ-ಪ್ಲಾಸ್ಟಿಕ್‌ನ ಸೀಲ್ ಮಾಡುವ ಚೀಲ) ಹಾಕಿ, ಒಣಗಿ ಹೊರಗೆ ಬರುವ ಹೊತ್ತಿಗೆ ಒಂದು ಗಂಟೆ ಮೀರುತ್ತದೆ. ಎರಡೇ ಹ್ಯಾಂಡ್‌ಪೀಸ್ ಇಟ್ಟುಕೊಂಡರೆ ಮೂರನೇ ರೋಗಿಗೆ ಏನು ಮಾಡ್ತೀರಿ? ಅಲ್ಲಿಂದಲೇ ಸ್ಪಿರಿಟ್ ಒರೆಸುವ ಅಭ್ಯಾಸ ಶುರುವಾಗುವುದು. ಬರುವ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ.

ನಿವೃತ್ತ ವೈದ್ಯಾಧಿಕಾರಿ, ಬಳ್ಳಾರಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ಸೆಟ್, ಹೊಲಿಗೆ ಸೆಟ್ ಎಲ್ಲವನ್ನೂ ಕುಕ್ಕರ್ ಮಾದರಿಯಲ್ಲೇ ಮಾಡಿದ್ದೇವೆ. ಫೋರ್ಸೆಪ್ಸ್, ಕತ್ತರಿ, ಸ್ಪೆಕ್ಯುಲಮ್‌ಗೆ ವ್ಯಾಕ್ಯೂಮ್ ಪಂಪ್ ಏನೂ ಬೇಕಿಲ್ಲ. ಹಲ್ಲಿನ ಕೆಲಸ ಇಲ್ಲದ ಕ್ಲಿನಿಕ್ ಆದರೆ ಆ ದುಡ್ಡಿನಲ್ಲಿ ನಾಲ್ಕು ಹೊಲಿಗೆ ಸೆಟ್ ಜಾಸ್ತಿ ತಗೊಳ್ಳಿ ಅನ್ನುತ್ತೇನೆ. ಸೆಟ್ ಕಡಿಮೆ ಇದ್ದಾಗಲೇ ಜನ ಅವಸರ ಮಾಡುವುದು. ಹೊಸ ಮೆಷಿನ್ ಬಂದರೂ ಹಳೆಯದನ್ನು ಮಾರಬೇಡಿ. ಸ್ಟವ್ ಮೇಲೆ ಇಡುವ ಮಾದರಿಯಾದರೆ ದಿನಗಟ್ಟಲೆ ಕರೆಂಟು ಇಲ್ಲದಾಗ ಅದೇ ಗತಿ.

ಬಯೋಮೆಡಿಕಲ್ ಎಂಜಿನಿಯರ್, ಬೆಂಗಳೂರು

ಹಿರಿಯರ ಮಾತು ಸರಿ. ಘನವಾದ ಉಪಕರಣಕ್ಕೆ ಕುಕ್ಕರ್ ಮಾದರಿ ಕೆಲಸ ಮಾಡುತ್ತದೆ. ಆದರೆ ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ವಿವರವಾಗಿ ಹೇಳಲೇಬೇಕು. ಯಾಕೆಂದರೆ ಟೇಬಲ್‌ಟಾಪ್ ಕೊಳ್ಳುವಾಗಲೂ ಅದೇ ವಿಷಯ ಬರುತ್ತದೆ.

ಹಬೆ ಉಪಕರಣಕ್ಕೆ ತಾಗಿ ನೀರಾಗುವಾಗ ಬಿಸಿ ಬಿಡುತ್ತದೆ. ಒಂದು ಕಿಲೋ ಹಬೆ ಹೀಗೆ ಬಿಡುವ ಬಿಸಿ ಸುಮಾರು 2,200 ಕಿಲೋಜೂಲ್. ಸೂಕ್ಷ್ಮಜೀವಿಯ ಸ್ಪೋರ್ (ಬಿಸಿಗೂ ಸುಲಭವಾಗಿ ಸಾಯದ ಗಟ್ಟಿ ರೂಪ) ಸಾಯುವುದು ಈ ಬಿಸಿ ಮತ್ತು ತೇವ ಎರಡೂ ಸೇರಿದಾಗ. ನಡುವೆ ಗಾಳಿ ನಿಂತರೆ ಹಬೆ ತಾಗುವುದಿಲ್ಲ, ಅಲ್ಲಿ ಒಣ ಬಿಸಿ ಮಾತ್ರ. ಒಣ ಬಿಸಿಯಲ್ಲಿ ಸ್ಟೆರಿಲೈಸ್ ಮಾಡಲು 160 ಡಿಗ್ರಿಯಲ್ಲಿ 2 ಗಂಟೆ ಬೇಕು. 134 ಡಿಗ್ರಿಯಲ್ಲಿ 4 ನಿಮಿಷ ಅನ್ನುವ ಲೆಕ್ಕ ಆ ಜಾಗಕ್ಕೆ ಅನ್ವಯಿಸುವುದೇ ಇಲ್ಲ.

ಒತ್ತಡ ತೋರಿಸುವ ಗೇಜ್ ಕೂಡ ಇದನ್ನು ಹೇಳುವುದಿಲ್ಲ. 15 ಪಿಎಸ್‌ಐ ಒತ್ತಡದಲ್ಲಿ ಗಾಳಿ ಪೂರ್ತಿ ಹೋಗಿದ್ದರೆ 121 ಡಿಗ್ರಿ. ಅರ್ಧ ಗಾಳಿ ಒಳಗೇ ಉಳಿದಿದ್ದರೆ 112 ಡಿಗ್ರಿ. ಗಾಳಿ ಬಿಟ್ಟೇ ಇಲ್ಲದಿದ್ದರೆ 100 ಡಿಗ್ರಿ. ಮೂರೂ ಸಲ ಮುಳ್ಳು ಅದೇ 15ರಲ್ಲಿ ನಿಂತಿರುತ್ತದೆ. ಅದಕ್ಕೇ ಕುಕ್ಕರ್ ಮಾದರಿಯಲ್ಲಿ ಹಬೆ ಜೋರಾಗಿ, ಬಿಡದೆ ಬರುವ ತನಕ ವಾಲ್ವ್ ತೆರೆದಿಡಬೇಕು.

ನಮ್ಮ ಊರುಗಳಿಗೆ ಇನ್ನೊಂದು ವಿಷಯ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಗೇಜ್ 15 ತೋರಿಸಿದಾಗ ಒಳಗೆ ಇರುವುದು 119 ಚಿಲ್ಲರೆ ಡಿಗ್ರಿ. 121 ಬೇಕಾದರೆ ಗೇಜ್ ಸುಮಾರು 16.5 ತೋರಿಸಬೇಕು. ಪ್ರತಿ ಸಾವಿರ ಅಡಿಗೆ ಅರ್ಧ ಪಿಎಸ್‌ಐ ಜಾಸ್ತಿ ಅಂತ ಲೆಕ್ಕ. ಮಂಗಳೂರಿನಲ್ಲಿ ಸರಿಯಾಗಿದ್ದ ಮೆಷಿನ್ ಮಡಿಕೇರಿಗೆ ಹೋದರೆ ಸರಿ ಇರಲ್ಲ. ಅರಸೀಕೆರೆಯೂ ಎತ್ತರದ ಊರೇ. ಬರೀ ಒತ್ತಡ ನೋಡಿ ನಡೆಸುವ ಮೆಷಿನ್‌ಗೆ ಈ ತೊಂದರೆ. ತಾಪಮಾನದ ಸೆನ್ಸರ್ ಇರುವ ಮೆಷಿನ್ ಆದರೂ ಅಳವಡಿಸಲು ಬಂದವರ ಹತ್ತಿರ ಎತ್ತರದ ಸೆಟ್ಟಿಂಗ್ ಬಗ್ಗೆ ಕೇಳಿ.

ಇನ್ನು ಕ್ಲಾಸ್ ವಿಷಯ. ಯುರೋಪಿನ ಇಎನ್ 13060 ಮಾನದಂಡ 60 ಲೀಟರ್‌ಗಿಂತ ಸಣ್ಣ ಮೆಷಿನ್‌ಗಳಿಗೆ. ಎನ್ ಅಂದರೆ ಪೌಚ್ ಇಲ್ಲದೆ ಬರಿಯ, ಘನವಾದ ಉಪಕರಣಕ್ಕೆ ಮಾತ್ರ. ತೆಗೆದ ಕೂಡಲೇ ಬಳಸಬೇಕು. ಬಿ ಅಂದರೆ ಪೌಚ್, ಬಟ್ಟೆ, ಗಾಜ್ (ಗಾಯಕ್ಕೆ ಹಾಕುವ ತೆಳು ಬಟ್ಟೆ), ಕೊಳವೆ ಇರುವ ಉಪಕರಣ ಎಲ್ಲಕ್ಕೂ. ಪಂಪ್ ಹಲವು ಸಲ ಗಾಳಿ ಎಳೆದು, ಹಬೆ ತುಂಬಿ, ಮತ್ತೆ ಎಳೆಯುತ್ತದೆ. ಕೊನೆಯಲ್ಲಿ ವ್ಯಾಕ್ಯೂಮ್‌ನಲ್ಲೇ ಒಣಗಿಸುತ್ತದೆ. ನಿಮ್ಮ ಕೆಲಸದಲ್ಲಿ ಗಾಜ್ ಇದೆ, ಪೌಚ್ ಬೇಕು, ಹ್ಯಾಂಡ್‌ಪೀಸ್ ಬರುತ್ತಿದೆ. ಬಿ ಬೇಕು.

ಜನರಲ್ ಪ್ರಾಕ್ಟೀಸ್, ಅರಸೀಕೆರೆ

ಬಹಳ ಉಪಕಾರವಾಯಿತು. ಗೇಜ್ ವಿಷಯ ನಮ್ಮ ಸಿಸ್ಟರ್‌ಗೂ ಓದಿ ಹೇಳಿದೆ. ಎನ್ ಬಿಟ್ಟೆ. ಈಗ ಒಂದು ಲಕ್ಷದ ಬಿ, ನಾಲ್ಕು ಲಕ್ಷದ ಬಿ, ಎರಡೇ ಉಳಿದವು. ಕ್ಲಾಸ್ ಎಸ್ ಅಂತ ಇನ್ನೊಂದಿದೆಯಂತೆ, ಅದು ಎರಡರ ನಡುವೆ ಅಂತ ಇವತ್ತು ಒಬ್ಬ ಡೀಲರ್ ಫೋನ್ ಮಾಡಿದ್ದರು.

ಬಯೋಮೆಡಿಕಲ್ ಎಂಜಿನಿಯರ್, ಬೆಂಗಳೂರು

ಎಸ್ ಅಂದರೆ ತಯಾರಕರು ಯಾವ ಯಾವ ಉಪಕರಣಕ್ಕೆ ಅಂತ ಬರೆದುಕೊಟ್ಟಿದ್ದಾರೋ ಅಷ್ಟಕ್ಕೆ ಮಾತ್ರ. ಬರೆದದ್ದು ಕೈಗೆ ಬರದೆ ಎಸ್ ತಗೊಳ್ಳಬೇಡಿ. ಹ್ಯಾಂಡ್‌ಪೀಸ್, ಪೌಚ್, ಗಾಜ್ ಮೂರೂ ಅದರಲ್ಲಿ ಇದ್ದರೆ ನೋಡಬಹುದು.

ಮೈಕ್ರೋಬಯಾಲಜಿಸ್ಟ್, ಧಾರವಾಡ

ಬೆಲೆ ನೋಡಿ ಒಳ್ಳೆಯದು ಕೆಟ್ಟದ್ದು ಅಂತ ತೀರ್ಮಾನಿಸಬೇಡಿ. ಪರೀಕ್ಷೆ ಮಾಡಿ ನೋಡಿ. ಮೆಷಿನ್ ಮೇಲೆ ಕ್ಲಾಸ್ ಬಿ ಅಂತ ಸ್ಟಿಕ್ಕರ್ ಅಂಟಿಸುವುದು ಸುಲಭ. ಹೆಲಿಕ್ಸ್ ಟೆಸ್ಟ್ ಪಾಸಾಗುವುದು ಸುಲಭವಲ್ಲ.

ಹೆಲಿಕ್ಸ್ ಅಂದರೆ ಒಂದೂವರೆ ಮೀಟರ್ ಉದ್ದದ, 2 ಮಿಲಿಮೀಟರ್ ಒಳ ಅಗಲದ ಸಣ್ಣ ಕೊಳವೆ. ಒಂದು ತುದಿ ತೆರೆದಿರುತ್ತದೆ. ಇನ್ನೊಂದು ತುದಿಯಲ್ಲಿ ಮುಚ್ಚಿದ ಡಬ್ಬಿ, ಅದರೊಳಗೆ ಬಣ್ಣ ಬದಲಾಗುವ ಪಟ್ಟಿ. ಹಬೆ ಅಷ್ಟುದ್ದ ಹೋಗಿ ಪಟ್ಟಿ ಮುಟ್ಟಿದರೆ ಮಾತ್ರ ಬಣ್ಣ ಪೂರ್ತಿ ಬದಲಾಗುತ್ತದೆ. ಹ್ಯಾಂಡ್‌ಪೀಸ್ ಒಳಗೆ ಹಬೆ ಹೋಗುತ್ತಾ ಅನ್ನುವ ಪ್ರಶ್ನೆಗೆ ಉತ್ತರ ಇದು. ಗಾಜ್, ಬಟ್ಟೆ ಕಟ್ಟುಗಳಿಗೆ ಬೋವಿ-ಡಿಕ್ ಟೆಸ್ಟ್. ಅದನ್ನು 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ, ಖಾಲಿ ಚೇಂಬರ್‌ನಲ್ಲಿ ಅದೊಂದನ್ನೇ ಇಟ್ಟು ಮಾಡುತ್ತಾರೆ.

ಇವೆರಡೂ ಹಬೆ ಹೋಯಿತಾ ಅಂತ ಹೇಳುತ್ತವೆ. ಸ್ಪೋರ್ ಸತ್ತಿತಾ ಅಂತ ತಿಳಿಯಲು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಸ್ಪೋರ್ ಇರುವ ವಯಲ್ ಬೇಕು. ತುಂಬಿದ ಲೋಡ್‌ನ ಒಳಗೆ, ಹಬೆ ಹೋಗಲು ಅತಿ ಕಷ್ಟವಾಗುವ ಜಾಗದಲ್ಲಿ ಇಡಿ. ಆಮೇಲೆ 55ರಿಂದ 60 ಡಿಗ್ರಿಯಲ್ಲಿ ಇನ್‌ಕ್ಯುಬೇಟ್ ಮಾಡಿ. ಅದೇ ಬ್ಯಾಚ್‌ನ ಇನ್ನೊಂದು ವಯಲ್ ಆಟೋಕ್ಲೇವ್‌ಗೆ ಹಾಕದೆ ಪಕ್ಕದಲ್ಲಿಡಿ. ಅದು ಬೆಳೆಯಬೇಕು, ಇದು ಬೆಳೆಯಬಾರದು. ವಾರಕ್ಕೊಮ್ಮೆ ಮಾಡುವುದು ಒಳ್ಳೆಯ ರೂಢಿ. ಪೌಚ್ ಮೇಲಿನ ಗುರುತು, ಆಟೋಕ್ಲೇವ್ ಟೇಪ್ ಇವು ಈ ಕಟ್ಟು ಮೆಷಿನ್ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಹೇಳುತ್ತವೆ. ಬಹಳ ಕ್ಲಿನಿಕ್‌ಗಳಲ್ಲಿ ಟೇಪ್ ಕಪ್ಪಾಯಿತು, ಸ್ಟೆರೈಲ್ ಆಯಿತು ಅಂತಾರೆ. ಇದು ನಿಲ್ಲಬೇಕು.

ಬಯೋಮೆಡಿಕಲ್ ಎಂಜಿನಿಯರ್, ಬೆಂಗಳೂರು

ಪೂರ್ತಿ ಒಪ್ಪುತ್ತೇನೆ. ಇದನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಯಿರಿ. ಶೋರೂಮ್‌ನಲ್ಲಿ ಅಲ್ಲ, ನಿಮ್ಮ ಕ್ಲಿನಿಕ್‌ನಲ್ಲಿ, ನಿಮ್ಮ ಕರೆಂಟಿನಲ್ಲಿ, ನಿಮ್ಮದೇ ಲೋಡ್ ಹಾಕಿ ಹೆಲಿಕ್ಸ್ ಮತ್ತು ಸ್ಪೋರ್ ಟೆಸ್ಟ್ ಪಾಸಾದ ಮೇಲೆ ಕೊನೆಯ ಕಂತು ಅಂತ. ವ್ಯಾಕ್ಯೂಮ್ ಲೀಕ್ ಟೆಸ್ಟ್ ಕೂಡ ಮಾಡಿಸಿ. ಪಂಪ್ ನಿಲ್ಲಿಸಿದ ಮೇಲೆ ಒಳಗಿನ ಒತ್ತಡ ನಿಮಿಷಕ್ಕೆ 1.3 ಮಿಲಿಬಾರ್‌ಗಿಂತ ಜಾಸ್ತಿ ಏರಬಾರದು. ಧೈರ್ಯ ಇರುವ ಡೀಲರ್ ಒಪ್ಪುತ್ತಾರೆ. ಒಪ್ಪದವರಿಂದ ತಗೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ. ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಪ್ರಕಾರ ಇರುವ ಲೈಸೆನ್ಸ್ ನಂಬರನ್ನೂ ಬರವಣಿಗೆಯಲ್ಲಿ ಕೇಳಿ.

ನನ್ನ ಅನುಭವದಲ್ಲಿ ಒಂದು ಲಕ್ಷದ ಮೆಷಿನ್‌ಗಳಲ್ಲೂ ಟೆಸ್ಟ್ ಚೆನ್ನಾಗಿ ಪಾಸಾಗುವವು ಇವೆ. ಮೆಲಾಗ್, ಯೂರೋಂಡಾ, ಡಬ್ಲ್ಯು ಆಂಡ್ ಎಚ್, ಟಟ್‌ನಾವರ್ ತರಹದ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು ಪಂಪ್‌ನ ಬಾಳಿಕೆ, ಒಣಗಿಸುವ ಗುಣ, ದಾಖಲೆ ಇಡುವ ವ್ಯವಸ್ಥೆ ಇವುಗಳಿಗೆ. ದಿನಕ್ಕೆ ಎಂಟು ಹತ್ತು ಸೈಕಲ್, ಅಂದರೆ ಅಷ್ಟು ಸಲ ಮೆಷಿನ್ ಪೂರ್ತಿ ಓಡಿಸುವ ಕಡೆ ಅದು ನ್ಯಾಯವೇ. ಎರಡು ಮೂರು ಸೈಕಲ್ ಓಡಿಸುವವರು ಯೋಚಿಸಬೇಕು.

ದಂತವೈದ್ಯ, ದಾವಣಗೆರೆ

ಬೆಲೆಗಿಂತ ಸರ್ವಿಸ್ ಬಗ್ಗೆ ನಾನು ಜೋರಾಗಿ ಹೇಳಬೇಕು. ನನ್ನದು ಒಳ್ಳೆಯ ಮೆಷಿನ್ನೇ. ಬಾಗಿಲಿನ ಗ್ಯಾಸ್ಕೆಟ್ ಹೋಯಿತು. ಡೀಲರ್ ಇವತ್ತು ನಾಳೆ ಅನ್ನುತ್ತಾ ವಾರಗಟ್ಟಲೆ ಎಳೆದರು. ಅಷ್ಟು ದಿನ ಗೆಳೆಯರ ಕ್ಲಿನಿಕ್‌ಗೆ ಡಬ್ಬಿ ಹೊತ್ತುಕೊಂಡು ಹೋಗಿ ಸ್ಟೆರಿಲೈಸ್ ಮಾಡಿಸಿದೆ. ಒಂದು ರಬ್ಬರ್ ಬಳೆಗಾಗಿ!

ಕೊಳ್ಳುವ ದಿನವೇ ಒಂದು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಬ್ಯಾಕ್ಟೀರಿಯಾ ಫಿಲ್ಟರ್ ತಗೊಂಡು ಬೀರುವಿನಲ್ಲಿಡಿ. ವರ್ಷದ ರಿಪೇರಿ ಒಪ್ಪಂದದಲ್ಲಿ ಎಎಂಸಿ, ಸಿಎಂಸಿ ಅಂತ ಎರಡಿವೆ, ವ್ಯತ್ಯಾಸ ಕೇಳಿ. ಎಎಂಸಿಯಲ್ಲಿ ಸಾಮಾನ್ಯವಾಗಿ ಎಂಜಿನಿಯರ್ ಬರುವುದು ಮಾತ್ರ ಸೇರಿರುತ್ತದೆ, ಬಿಡಿಭಾಗಕ್ಕೆ ಬೇರೆ ದುಡ್ಡು. ಸಿಎಂಸಿಯಲ್ಲಿ ಪಂಪ್, ಹೀಟರ್, ಬೋರ್ಡ್ ಸೇರಿದೆಯಾ ಅಂತ ಹೆಸರು ಹೆಸರಾಗಿ ಬರೆಸಿಕೊಳ್ಳಿ. ಎಂಜಿನಿಯರ್ ಇರುವುದು ಹಾಸನದಲ್ಲಾ, ತುಮಕೂರಿನಲ್ಲಾ, ಚೆನ್ನೈನಲ್ಲಾ? ಅದೂ ಕೇಳಿ. ನಿಮ್ಮ ಜಿಲ್ಲೆಯಲ್ಲಿ ಅದೇ ಮಾಡೆಲ್ ಬಳಸುವ ಇಬ್ಬರ ಹತ್ತಿರ ಫೋನ್‌ನಲ್ಲಿ ಮಾತಾಡದೆ ಅಡ್ವಾನ್ಸ್ ಕೊಡಬೇಡಿ.

ಕಣ್ಣಿನ ಡಾಕ್ಟರ್, ಕಲಬುರಗಿ

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ನೀರು ನಿಮ್ಮದಕ್ಕಿಂತ ಗಡಸು, ಹಾಗಾಗಿ ಇದು ನನಗೆ ದಿನನಿತ್ಯದ ಚಿಂತೆ.

ಬೋರ್‌ವೆಲ್ ನೀರನ್ನು ಮೆಷಿನ್ ಹತ್ತಿರವೂ ತರಬೇಡಿ. ಹೀಟರ್ ಮೇಲೆ ಸುಣ್ಣ ಕಟ್ಟುತ್ತದೆ, ಸಣ್ಣ ವಾಲ್ವ್‌ಗಳು ಕಚ್ಚಿಕೊಳ್ಳುತ್ತವೆ, ಉಪಕರಣದ ಮೇಲೆ ಬಿಳಿ ಕಲೆ ಕೂರುತ್ತದೆ. ಮನೆಯ ಆರ್‌ಒ ನೀರು ಕುಡಿಯಲು ಸರಿ, ಮೆಷಿನ್‌ಗೆ ಸಾಲದು. ಒಳಗೆ ಹಾಕುವ ನೀರಿನ ಕಂಡಕ್ಟಿವಿಟಿ (ಕರಗಿದ ಲವಣ ಜಾಸ್ತಿ ಇದ್ದಷ್ಟೂ ಇದು ಜಾಸ್ತಿ) ಸೆಂಟಿಮೀಟರ್‌ಗೆ 15 ಮೈಕ್ರೋಸೀಮೆನ್ಸ್ ಒಳಗಿರಬೇಕು. ಕರಗಿದ ಲವಣ ತೋರಿಸುವ, ಪೆನ್ನಿನ ತರಹದ ಟಿಡಿಎಸ್ ಮೀಟರ್‌ನಲ್ಲಿ ಒಂದಂಕಿ ಬರಬೇಕು ಅಂತಿಟ್ಟುಕೊಳ್ಳಿ. ಆರ್‌ಒ ನೀರಿನಲ್ಲಿ 40, 60 ಬರುವುದು ಮಾಮೂಲು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನ್ ಕೂಡ ಎಲ್ಲವೂ ಒಂದೇ ಥರ ಇರಲ್ಲ. ಪ್ರತಿ ಕ್ಯಾನ್ ತೆರೆದಾಗ ಮೀಟರ್ ಅದ್ದಿ ನೋಡಿ. ಆರ್‌ಒ ನೀರನ್ನೇ ಸಣ್ಣ ಡಿಸ್ಟಿಲರ್‌ನಲ್ಲಿ ಬಟ್ಟಿ ಇಳಿಸಿಕೊಂಡರೆ ದೀರ್ಘಕಾಲಕ್ಕೆ ಅದೇ ಅಗ್ಗ.

ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟುಕೊಂಡು ಹಾಕುವವರಿದ್ದಾರೆ. ಬೇಡ. ಅದರಲ್ಲಿ ಕಾಯಿಲ್‌ನ ಲೋಹ, ಧೂಳು, ಪಾಚಿ ಎಲ್ಲ ಸೇರಿರುತ್ತದೆ. ಕಣ್ಣಿನ ಆಪರೇಷನ್ ಮಾಡುವವರಿಗೆ ಇದು ಇನ್ನೂ ಗಂಭೀರ. ಉಪಕರಣದಲ್ಲಿ ಉಳಿದ ಸೋಪು, ನೀರಿನ ಕಲ್ಮಶ, ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನುವ ವಿಷ, ಇವೇ ಕಣ್ಣಿನೊಳಗೆ ಟಾಸ್ ಅನ್ನುವ ಉರಿಯೂತಕ್ಕೆ ಕಾರಣವಾಗಬಹುದು. ಎಂಡೋಟಾಕ್ಸಿನ್ ಆಟೋಕ್ಲೇವ್‌ನ ಬಿಸಿಗೆ ನಾಶವಾಗುವುದಿಲ್ಲ. ಬಳಸಿದ ನೀರಿನ ಟ್ಯಾಂಕ್ ಬೇರೆ ಇರುವ ಮೆಷಿನ್ ನೋಡಿ. ಆ ನೀರನ್ನು ಚೆಲ್ಲಬೇಕು, ಮತ್ತೆ ತುಂಬಬಾರದು.

ಜನರಲ್ ಪ್ರಾಕ್ಟೀಸ್, ಅರಸೀಕೆರೆ

ಸಂಜೆಯೇ ಮೀಟರ್ ತರಿಸಿ ನಮ್ಮ ಆರ್‌ಒ ನೀರು ನೋಡಿದೆ. 70 ಬಂತು. ಡಿಸ್ಟಿಲರ್ ಪಟ್ಟಿಗೆ ಸೇರಿಸಿದೆ. ಕರೆಂಟಿಗೆ ಏನು ಮಾಡಲಿ? ಕ್ಲಿನಿಕ್‌ನಲ್ಲಿ ಸಾಮಾನ್ಯ ಇನ್ವರ್ಟರ್ ಇದೆ.

ಬಯೋಮೆಡಿಕಲ್ ಎಂಜಿನಿಯರ್, ಬೆಂಗಳೂರು

ಸಾಮಾನ್ಯ ಇನ್ವರ್ಟರ್ ಎಳೆಯುವುದಿಲ್ಲ. ಈ ಮೆಷಿನ್‌ಗಳು ಎರಡು ಕಿಲೋವ್ಯಾಟ್ ಆಸುಪಾಸು ಕುಡಿಯುತ್ತವೆ. 16 ಆಂಪ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ವೋಲ್ಟೇಜ್ ಏರಿಳಿತ ಇದ್ದರೆ ಸ್ಟೆಬಿಲೈಸರ್. ಜನರೇಟರ್ ಇದ್ದರೆ ಸರಿ.

ಸೈಕಲ್ ಮಧ್ಯದಲ್ಲಿ ಕರೆಂಟು ಹೋದರೆ ಆ ಲೋಡ್ ಸ್ಟೆರೈಲ್ ಅಲ್ಲ. ಬಂದ ಮೇಲೆ ಉಳಿದ ಎರಡು ನಿಮಿಷ ಮುಂದುವರಿಸುವುದು ಅಂತೇನಿಲ್ಲ. ಒದ್ದೆಯಾದ ಪೌಚ್ ಬಿಸಾಕಿ, ಹೊಸ ಪೌಚ್ ಹಾಕಿ, ಮೊದಲಿಂದ ಶುರು. ಹಾಗಾಗಿ ಲೋಡ್ ಶೆಡ್ಡಿಂಗ್ ಸಮಯ ತಿಳಿದುಕೊಂಡು ಬೆಳಿಗ್ಗೆ ಬೇಗ ಒಂದು ಸೈಕಲ್ ಮುಗಿಸಿಬಿಡಿ. ಪ್ರತಿ ಸೈಕಲ್‌ನ ದಾಖಲೆ ಪ್ರಿಂಟರ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಬರುವ ಮಾಡೆಲ್ ತಗೊಳ್ಳಿ. ಯಾರೂ ನೋಡದಾಗ ನಿಂತುಹೋಗಿದ್ದರೆ ಅದು ಹೇಳುತ್ತದೆ.

ಲ್ಯಾಬ್ ಟೆಕ್ನಿಷಿಯನ್, ಗದಗ

ಒಂದು ಸಂದೇಹ. ಬಳಸಿದ ಸಿರಿಂಜ್, ಕಲ್ಚರ್ ಪ್ಲೇಟ್ ಇದರಲ್ಲೇ ಹಾಕಬಹುದಾ?

ಮೈಕ್ರೋಬಯಾಲಜಿಸ್ಟ್, ಧಾರವಾಡ

ಖಂಡಿತ ಬೇಡ. ತ್ಯಾಜ್ಯಕ್ಕೆ ಬೇರೆ ಮೆಷಿನ್, ಉಪಕರಣಕ್ಕೆ ಬೇರೆ ಮೆಷಿನ್. ಸಮಯವೂ ಬೇರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ವ್ಯಾಕ್ಯೂಮ್ ಇಲ್ಲದ ಆಟೋಕ್ಲೇವ್‌ಗೆ 121 ಡಿಗ್ರಿ, 15 ಪಿಎಸ್‌ಐನಲ್ಲಿ ಕನಿಷ್ಠ 60 ನಿಮಿಷ ಅಂತಿದೆ. ಸಣ್ಣ ಕ್ಲಿನಿಕ್‌ನವರು ಸಿರಿಂಜ್ ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ ಹಾಕಿ ಸಾಮೂಹಿಕ ಸಂಸ್ಕರಣಾ ಘಟಕದವರಿಗೆ ಕೊಟ್ಟರೆ ಸಾಕು. ಹಾಸಿಗೆ ಇಲ್ಲದ ಕ್ಲಿನಿಕ್‌ಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಲ್ಯಾಬ್‌ನ ಕಲ್ಚರ್ ಪ್ಲೇಟ್ ಮಾತ್ರ ನೀವೇ ಮೊದಲು ಸಂಸ್ಕರಿಸಿ ಕೊಡಬೇಕು.

ಡೆಂಟಲ್ ನರ್ಸ್, ಮ್ಯಾಂಚೆಸ್ಟರ್ (ಊರು ಉಡುಪಿ)

ಇಲ್ಲಿನ ಪದ್ಧತಿ ಹೇಳುತ್ತೇನೆ, ಉಪಯೋಗ ಆಗಬಹುದು. ಇಂಗ್ಲೆಂಡ್‌ನಲ್ಲಿ ಹಲ್ಲಿನ ಕ್ಲಿನಿಕ್‌ಗಳಿಗೆ ಎಚ್‌ಟಿಎಂ 01-05 ಅನ್ನುವ ಮಾರ್ಗದರ್ಶಿ ಇದೆ. ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ಚೇಂಬರ್ ಒರೆಸಿ, ಗ್ಯಾಸ್ಕೆಟ್ ನೋಡಿ, ವ್ಯಾಕ್ಯೂಮ್ ಮೆಷಿನ್ ಆದರೆ ಹಬೆ ಒಳಹೋಗುವ ಟೆಸ್ಟ್ ಮಾಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ. ಫೇಲ್ ಆದರೆ ಆ ದಿನ ಆ ಮೆಷಿನ್ ಮುಟ್ಟುವಂತಿಲ್ಲ. ಒತ್ತಡದ ಪಾತ್ರೆಯಾದ್ದರಿಂದ ಸುರಕ್ಷತೆಯ ತಪಾಸಣೆ ಬೇರೆಯೇ ನಡೆಯುತ್ತದೆ.

ತೊಳೆಯುವುದಕ್ಕೆ ಇಲ್ಲಿ ಅಷ್ಟೇ ಮಹತ್ವ. ಒಣಗಿದ ರಕ್ತದ ಅಡಿಯಲ್ಲಿ ಹಬೆ ತಾಗುವುದಿಲ್ಲ. ಬಳಸಿದ ಕೂಡಲೇ ಒದ್ದೆಯಾಗಿಡಿ. ಎಂಜೈಮ್ ದ್ರಾವಣ, ಅಲ್ಟ್ರಾಸಾನಿಕ್ ಕ್ಲೀನರ್, ಚೆನ್ನಾಗಿ ಜಾಲಿಸುವುದು, ಒಣಗಿಸುವುದು, ಆಮೇಲೆ ಪೌಚ್. ಹ್ಯಾಂಡ್‌ಪೀಸ್ ಮಾತ್ರ ಅಲ್ಟ್ರಾಸಾನಿಕ್‌ಗೆ ಹಾಕಬೇಡಿ, ತಯಾರಕರು ಹೇಳಿದ ಹಾಗೆ ಮಾಡಿ. ಬಜೆಟ್ ಮಾಡುವಾಗ ಅಲ್ಟ್ರಾಸಾನಿಕ್ ಮತ್ತು ಸೀಲರ್ ದುಡ್ಡು ಸೇರಿಸಿಕೊಳ್ಳಿ.

ಓಟಿ ಸಿಸ್ಟರ್, ಮಂಗಳೂರು

ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ಟೀಲ್ ಉಪಕರಣವನ್ನು ಬ್ಲೀಚ್‌ನಲ್ಲಿ ನೆನೆಸಬೇಡಿ. ಕ್ಲೋರಿನ್ ಸ್ಟೀಲನ್ನು ತಿಂದು ಸಣ್ಣ ಸಣ್ಣ ಗುಳಿ ಮಾಡುತ್ತದೆ. ಆಮೇಲೆ ಮೆಷಿನ್‌ನಿಂದ ತುಕ್ಕು ಬಂತು ಅಂತ ದೂರುತ್ತಾರೆ.

ಜನರಲ್ ಪ್ರಾಕ್ಟೀಸ್, ಅರಸೀಕೆರೆ

ಸಿಸ್ಟರ್, ಪೌಚ್ ಬಗ್ಗೆ ಸ್ವಲ್ಪ ಹೇಳಿ. ನಮ್ಮಲ್ಲಿ ಇದುವರೆಗೆ ಡ್ರಮ್ ಮತ್ತು ಬಟ್ಟೆ ಕಟ್ಟು ಮಾತ್ರ. ಪೌಚ್ ಎಷ್ಟು ತುಂಬಬೇಕು, ಎಷ್ಟು ದಿನ ಇಡಬಹುದು?

ಓಟಿ ಸಿಸ್ಟರ್, ಮಂಗಳೂರು

ಪೌಚ್‌ನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಕತ್ತರಿ, ಆರ್ಟರಿ ಫೋರ್ಸೆಪ್ಸ್ ಬಾಯಿ ತೆರೆದೇ ಇಡಿ. ಮುಚ್ಚಿದ ಕೀಲಿನೊಳಗೆ ಹಬೆ ಹೋಗಲ್ಲ. ಟ್ರೇ ಮೇಲೆ ಒಂದರ ಮೇಲೊಂದು ಪೇರಿಸಬೇಡಿ, ರ‍್ಯಾಕ್‌ನಲ್ಲಿ ಅಂಚಿನ ಮೇಲೆ ನಿಲ್ಲಿಸಿ. ಪಕ್ಕದ ಪೌಚ್‌ನ ಕಾಗದದ ಬದಿಗೆ ಪ್ಲಾಸ್ಟಿಕ್ ಬದಿ ಬರಲಿ. ಮೆಷಿನ್ ಪುಸ್ತಕದಲ್ಲಿ ಲೋಹಕ್ಕೆ ಒಂದು ತೂಕ, ಬಟ್ಟೆಗೆ ಒಂದು ತೂಕ ಕೊಟ್ಟಿರುತ್ತಾರೆ. ಬಟ್ಟೆಯದು ಬಹಳ ಕಡಿಮೆ. ಕೊಳ್ಳುವ ಮೊದಲೇ ಆ ಪುಟ ಕೇಳಿ ನೋಡಿ. 18 ಲೀಟರ್ ಅಂದಾಕ್ಷಣ ಒಂದು ಡ್ರಮ್ ಗಾಜ್ ಹಿಡಿಯುತ್ತದೆ ಅಂದುಕೊಳ್ಳಬೇಡಿ.

ಒಣಗಿಸುವ ಹಂತ ಮುಗಿಯುವ ಮೊದಲು ಬಾಗಿಲು ತೆಗೆಯಬಾರದು. ಒದ್ದೆ ಪೌಚ್ ಕೈಗೆ ಬಂದರೆ ಅದು ಸ್ಟೆರೈಲ್ ಅಲ್ಲ ಅಂತಲೇ ಲೆಕ್ಕ. ಒದ್ದೆ ಕಾಗದದ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ನಾವು ಇದರ ಮೇಲೆ ಕಣ್ಣಿಟ್ಟೇ ಇರುತ್ತೇವೆ.

ಎಷ್ಟು ದಿನ ಅನ್ನುವುದು ಪೌಚ್ ಹೇಗಿದೆ ಅನ್ನುವುದರ ಮೇಲೆ. ಹರಿದರೆ, ನೆನೆದರೆ, ನೆಲಕ್ಕೆ ಬಿದ್ದರೆ, ಸೀಲ್ ಬಿಟ್ಟರೆ ಅವತ್ತೇ ಮುಗಿಯಿತು. ಚೆನ್ನಾಗಿದ್ದರೆ ತಯಾರಕರು ಹೇಳಿದ ಅವಧಿ. ದಿನಾಂಕ, ಸೈಕಲ್ ನಂಬರ್ ಅಂಟು ಪಟ್ಟಿಯ ಮೇಲೋ ಪ್ಲಾಸ್ಟಿಕ್ ಬದಿಯ ಮೇಲೋ ಬರೆಯಿರಿ. ಕಾಗದದ ಮೇಲೆ ಪೆನ್ನಿನಿಂದ ಒತ್ತಿ ಬರೆದರೆ ತೂತಾಗುತ್ತದೆ. ಹಳೆಯದು ಮುಂದೆ, ಹೊಸದು ಹಿಂದೆ ಜೋಡಿಸಿ. ಸಿಂಕ್ ಕೆಳಗಿನ ಕಪಾಟಿನಲ್ಲಿ ಮಾತ್ರ ಇಡಬೇಡಿ.